ಜಿಂಕೆ ಬೇಟೆಗೆ ಎಂಥ ಚೂರಿ ತಗೊಳ್ಳಲಿ?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಏಳು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಈ ನವೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರು ಜಿಂಕೆ ಬೇಟೆಗೆ ಕರೆದಿದ್ದಾರೆ. ಹಂಟರ್ ಎಜುಕೇಶನ್ ಮುಗಿಸಿ ಲೈಸೆನ್ಸ್ ಕೂಡ ತಗೊಂಡೆ. ಅಜ್ಜನ ಪೀಚೆಕತ್ತಿ ನೋಡಿ ಬೆಳೆದವನು, ಹಾಗಾಗಿ ಕೈಯಲ್ಲಿ ಮಾಡಿದ ಚೂರಿಯೇ ಬೇಕೆಂಬ ಆಸೆ. ಇಲ್ಲಿನ ಮೇಳದಲ್ಲಿ ಒಂದು ಕಣ್ಣಿಗೆ ಬಿತ್ತು. ಆರು ಇಂಚಿನ ಡಮಾಸ್ಕಸ್ ಅಲಗು, ಕೊಂಬಿನ ಹಿಡಿ, 350 ಡಾಲರ್. ತಗೊಳ್ಳಲಾ? ಬೇಟೆಗೂ ಕಾಡಿನ ಕ್ಯಾಂಪಿಗೂ ಒಂದೇ ಸಾಕಾಗುತ್ತಾ?

ಉತ್ತರ: ಆ ಚೂರಿಯನ್ನು ಅಲ್ಲೇ ಬಿಟ್ಟುಬನ್ನಿ. ಅದು ಕೆಟ್ಟದ್ದು ಅಂತಲ್ಲ, ನಿಮ್ಮ ಕೆಲಸಕ್ಕೆ ಎರಡೂವರೆ ಇಂಚು ಜಾಸ್ತಿಯಾಯಿತು.

ಜಿಂಕೆಯನ್ನು ಕೊಲ್ಲುವುದು ಗುಂಡು. ಚೂರಿಯ ಕೆಲಸ ಆಮೇಲೆ. ಹೊಟ್ಟೆ ಬಗೆದು ಒಳಗಿನದನ್ನೆಲ್ಲ ತೆಗೆದು ಮಾಂಸ ಬೇಗ ತಣ್ಣಗಾಗುವಂತೆ ಮಾಡಬೇಕು. ಇದರಲ್ಲಿ ಕಷ್ಟದ ಹಂತ ಯಾವುದು ಗೊತ್ತಾ? ಎದೆಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿ ಶ್ವಾಸನಾಳ ಕೊಯ್ಯುವುದು. ಒಳಗೆ ಏನೂ ಕಾಣುವುದಿಲ್ಲ. ಒಂದು ಕೈ ನಾಳ ಹಿಡಿದಿರುತ್ತದೆ, ಇನ್ನೊಂದರಲ್ಲಿ ಚೂರಿ. ರಕ್ತಕ್ಕೆ ಹಿಡಿ ಜಾರುತ್ತದೆ, ಚಳಿಗೆ ಬೆರಳು ಮರಗಟ್ಟಿರುತ್ತದೆ. ನನ್ನ ಮೊದಲ ವರ್ಷ ನಾನೂ ಶೋಕಿಗೆ ಉದ್ದದ ಚೂರಿ ಒಯ್ದಿದ್ದೆ. ಎಡ ಹೆಬ್ಬೆರಳಿನ ಗಾಯದ ಗುರುತು ಇವತ್ತಿಗೂ ಇದೆ.

ಒಂದು ಸುಲಭದ ಲೆಕ್ಕ ಹೇಳುತ್ತೇನೆ. ಚೂರಿ ಹಿಡಿದು ತೋರುಬೆರಳನ್ನು ಅಲಗಿನ ಬೆನ್ನಿನ ಮೇಲೆ ಚಾಚಿ. ಬೆರಳ ತುದಿ ಮೊನೆಯ ಹತ್ತಿರಕ್ಕೆ ಬರಬೇಕು. ಆಗ ಕಣ್ಣಿಗೆ ಕಾಣದಿದ್ದರೂ ಮೊನೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ಹೆಚ್ಚಿನವರ ಕೈಗೆ ಇದು ಮೂರೂವರೆ ಇಂಚಿನ ಅಲಗು. ಕ್ಯಾಂಪಿಗೂ ಅದೇ ಬೇಕೆಂದರೆ ನಾಲ್ಕು, ಅದರ ಮೇಲೆ ಬೇಡ.

ಆಕಾರ ಡ್ರಾಪ್ ಪಾಯಿಂಟ್ ಇರಲಿ. ಅಂದರೆ ಬೆನ್ನು ಮೆಲ್ಲಗೆ ಇಳಿದು ಮೊನೆ ಸ್ವಲ್ಪ ಕೆಳಗೆ ಬಂದಿರುತ್ತದೆ. ಬೇಟೆ ಚೂರಿಗಳಲ್ಲಿ ಈ ಆಕಾರವನ್ನು ಮನೆಮಾತು ಮಾಡಿದವರು ಬಾಬ್ ಲವ್‌ಲೆಸ್ ಎಂಬ ಅಮೆರಿಕದ ಚೂರಿಗಾರ. ಅಲಗಿನ ಬಾಯಿ ಮೇಲೆ ಮಾಡಿ ಹೊಟ್ಟೆಯ ಚರ್ಮ ಸೀಳುವಾಗ, ತಗ್ಗಿದ ಮೊನೆ ಕರುಳಿಗೆ ಚುಚ್ಚುವ ಭಯ ಕಡಿಮೆ. ಕರುಳು ತೂತಾದರೆ ಆ ವಾಸನೆ ಬೇಡವೇ ಬೇಡ, ಮಾಂಸವೂ ಕೆಡುತ್ತದೆ. ಬೆನ್ನಿನ ಮೇಲೆ ಕೊಕ್ಕೆ ಇರುವ ಚೂರಿಗಳೂ ಸಿಗುತ್ತವೆ. ನನಗೆ ಹಿಡಿಸುವುದಿಲ್ಲ. ಆ ಕೊಕ್ಕೆಯನ್ನು ಸಾಣೆ ಹಿಡಿಯುವುದೇ ಒಂದು ತಲೆನೋವು.

ದಪ್ಪದ ವಿಷಯದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಐದು ಮಿಲಿಮೀಟರ್ ಬೆನ್ನಿನ ಚೂರಿ ಕೈಗೆ ಗಟ್ಟಿಮುಟ್ಟು ಅನಿಸುತ್ತದೆ. ಆದರೆ ಅದು ಕೊಯ್ಯುವುದಿಲ್ಲ, ಸೀಳುತ್ತದೆ, ಕೊಡಲಿಯ ತಮ್ಮನ ಹಾಗೆ. ಮೂರು ಮಿಲಿಮೀಟರ್ ಸಾಕು. ಅದಕ್ಕಿಂತ ಮುಖ್ಯ, ಬಾಯಿಯ ಹಿಂದಿನ ಭಾಗ ತೆಳ್ಳಗಿರಬೇಕು. ಒಂದು ಆಲೂಗಡ್ಡೆ ಕೊಯ್ದು ನೋಡಿದರೆ ತಿಳಿಯುತ್ತದೆ. ಸರಾಗ ಇಳಿಯದೆ ಪಟ್ ಅಂತ ಸೀಳಿದರೆ ಅಲಗು ದಪ್ಪ.

ಈಗ ಡಮಾಸ್ಕಸ್. ಹಳೆಯ ಡಮಾಸ್ಕಸ್ ಕತ್ತಿಗಳಿಗೆ ಹೆಸರು ತಂದದ್ದು ನಮ್ಮ ಕಡೆಯ ವೂಟ್ಸ್ ಉಕ್ಕು. ಆ ಹೆಸರೇ ಕನ್ನಡದ ‘ಉಕ್ಕು’ವಿನಿಂದ ಬಂದದ್ದು ಎನ್ನುತ್ತಾರೆ. ಮೇಳದಲ್ಲಿ ಮಾರುವುದು ಅದಲ್ಲ. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿರುತ್ತಾರೆ. ಒಳ್ಳೆಯ ಚೂರಿಗಾರ ಮಾಡಿದರೆ ಅದೂ ಚೆನ್ನಾಗಿಯೇ ಕೊಯ್ಯುತ್ತದೆ. ಆದರೆ ನೀವು ದುಡ್ಡು ಕೊಡುವುದು ಚಂದಕ್ಕೆ.

ನಿಜವಾಗಿ ಕೇಳಬೇಕಾದದ್ದು ಹದದ ಬಗ್ಗೆ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿದ ರೀತಿ. ಯಾವ ಉಕ್ಕು, ಹದ ಯಾರು ಹಾಕಿದ್ದು, ಗಡಸುತನದ ಅಳತೆಯಾದ ರಾಕ್‌ವೆಲ್ ಎಷ್ಟು? 58ರಿಂದ 61ರ ನಡುವೆ ಇದ್ದರೆ ಸರಿ. ಒಳ್ಳೆಯ ಕೆಲಸಗಾರನಿಗೆ ಈ ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಬಿಡುವುದಿಲ್ಲ. ಮಾತು ಹಾರಿಸಿದರೆ ಮುಂದಿನ ಟೇಬಲ್ಲಿಗೆ ಹೋಗಿ. ಕೆಲವು ಅಲಗುಗಳ ಮೇಲೆ ‘ಜೆಎಸ್’ (ಜರ್ನಿಮನ್ ಸ್ಮಿತ್) ಮುದ್ರೆ ಇರುತ್ತದೆ. 1976ರಲ್ಲಿ ಶುರುವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆ ಪಾಸಾದವರು ಅಂತ ಅರ್ಥ. ನೇತಾಡುವ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಮರದ ಪಟ್ಟಿಯನ್ನು ಎರಡು ಸಲ ಕಡಿಯಬೇಕು, ಆಮೇಲೂ ಅದೇ ಅಲಗು ತೋಳಿನ ಕೂದಲು ಬೋಳಿಸಬೇಕು. ಕೊನೆಗೆ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಕೆಲಸಗಾರನ ಕೈ ಹೇಗಿದೆ ಅನ್ನಲು ಇದು ಒಳ್ಳೆಯ ಸಾಕ್ಷಿ. ನಿಮ್ಮ ಬೇಟೆ ಚೂರಿ ಮಾತ್ರ ಹಾಗೆ ಬಗ್ಗಬೇಕಾಗಿಲ್ಲ.

ನಿಮ್ಮ ರಾಜ್ಯಕ್ಕೆ ಇನ್ನೊಂದು ಮಾತಿದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವಿಸ್ಕಾನ್ಸಿನ್‌ನ ಜಿಂಕೆಗಳಲ್ಲಿ 2002ರಲ್ಲಿ ಸಿಡಬ್ಲ್ಯೂಡಿ ಎಂಬ ಮೆದುಳಿನ ರೋಗ ಪತ್ತೆಯಾಯಿತು. ಅದನ್ನು ತರುವುದು ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್. ಚೂರಿಯನ್ನು ಕುದಿಸಿದರೂ ಅದು ಹೋಗುವುದಿಲ್ಲ. ಅದಕ್ಕೇ ಗ್ಲೌಸ್ ಹಾಕಿ, ಮೆದುಳು ಮತ್ತು ಬೆನ್ನುಹುರಿಯ ತಂಟೆಗೆ ಹೋಗಬೇಡಿ, ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಡಿ. ಚೂರಿಯನ್ನು ಮೊದಲು ಚೆನ್ನಾಗಿ ಉಜ್ಜಿ ತೊಳೆದು, ಅರ್ಧ ಬ್ಲೀಚ್ ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ತುಕ್ಕು ಹಿಡಿಯುವ ಕಾರ್ಬನ್ ಉಕ್ಕನ್ನು ಬ್ಲೀಚ್ ತಿಂದುಹಾಕುತ್ತದೆ. ಡಮಾಸ್ಕಸ್ ಗೆರೆಗಳ ಗತಿ ಕೇಳಲೇಬೇಡಿ. ಮನೆಯಲ್ಲಿ ನನಗೆ ಕಾರ್ಬನ್ ಚೂರಿಗಳೇ ಇಷ್ಟ. ಆದರೂ ನಿಮಗೆ ಹೇಳುವುದು ಸ್ಟೇನ್‌ಲೆಸ್. ಎಇಬಿ-ಎಲ್, 154ಸಿಎಂ, ಎಸ್35ವಿಎನ್ ಎಂಬ ಬಗೆಗಳಲ್ಲಿ ಯಾವುದಾದರೂ ನಡೆಯುತ್ತದೆ. ಅದನ್ನೂ ನೆನೆಸಿದ ಮೇಲೆ ಚೆನ್ನಾಗಿ ತೊಳೆದು ಒರೆಸಿಡಿ.

ಹಿಡಿಗೂ ಇದೇ ಲೆಕ್ಕ. ಬಟ್ಟೆಯನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಮೈಕಾರ್ಟಾ ಒಳ್ಳೆಯದು, ಒದ್ದೆಯಾದಾಗಲೂ ಕೈಗೆ ಹಿಡಿತ ಕೊಡುತ್ತದೆ. ಇನ್ನು ನೀವು ನೋಡಿದ ಕೊಂಬಿನ ಹಿಡಿ. ‘ಇಂಡಿಯನ್ ಸ್ಟ್ಯಾಗ್’ ಅಂತ ಮಾರಿದ್ದರೆ ಅದು ನಮ್ಮ ಕಡವೆಯ ಕೊಂಬು. 1990ರ ದಶಕದ ಕೊನೆಗೆ ಭಾರತ ಅದರ ರಫ್ತು ನಿಲ್ಲಿಸಿತು. ಹಳೆಯ ದಾಸ್ತಾನು ಅಂತಲೇ ಬೆಲೆ ಏರಿಸಿರುತ್ತಾರೆ. ಅಂಥದ್ದನ್ನು ಊರಿಗೆ ತರುವ ಯೋಚನೆ ಬೇಡ. ನಮ್ಮಲ್ಲಿ ಕಡವೆ ಕೊಂಬು ಇಟ್ಟುಕೊಂಡವರ ಮೇಲೆ ಕೇಸು ಬೀಳುತ್ತದೆ.

ಕ್ಯಾಂಪಿಗೆ ಒಂದೇ ಸಾಕಾ? ಪುರಲೆ ಕೆತ್ತಲು, ಹಗ್ಗ ಕತ್ತರಿಸಲು, ಈರುಳ್ಳಿ ಹೆಚ್ಚಲು ಸಾಕು. ಸೌದೆ ಸೀಳಲು ಸಣ್ಣ ಕೊಡಲಿ ಒಯ್ಯಿರಿ. ಊರಲ್ಲೂ ಕಾಡು ಸವರುವ ಕತ್ತಿ ಬೇರೆ, ಮೀನು ಕೊಯ್ಯುವುದು ಬೇರೆ ಅಲ್ವಾ?

ಹೇಳಿ ಮಾಡಿಸುವ ಚೂರಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ನಿಮ್ಮಲ್ಲಿ ಕೋವಿ ಬೇಟೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗಿ ಒಂಬತ್ತೇ ದಿನ. ಈ ಸಲಕ್ಕೆ 20 ಡಾಲರ್ ಆಸುಪಾಸಿನ ಸ್ವೀಡನ್ನಿನ ಮೋರಾ ಸ್ಟೇನ್‌ಲೆಸ್ ಚೂರಿ ಒಯ್ಯಿರಿ. ಎಲ್ಲಿ ಜಾರಿತು, ಎಲ್ಲಿ ಉದ್ದವಾಯಿತು ಅಂತ ಬರೆದಿಡಿ. ಆಮೇಲೆ ಚೂರಿಗಾರನ ಹತ್ತಿರ ಹೋಗಿ, ಗ್ಲೌಸ್ ಹಾಕಿದ ಕೈಯ ಅಳತೆಯನ್ನೇ ಕೊಡಿ.

ಪ್ರಶ್ನೆ: ಶಿರಸಿ ಹತ್ತಿರದ ನಮ್ಮೂರಿನಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಮಾಡಿಸಿದೆ. ಮೊದಲು ಚೆನ್ನಾಗಿತ್ತು. ಅಂಗಡಿಯ ಗ್ರೈಂಡರಿನಲ್ಲಿ ಹರಿತ ಮಾಡಿಸಿದ ಮೇಲೆ ಬಾಯಿ ನಿಲ್ಲುತ್ತಿಲ್ಲ. ಕಮ್ಮಾರರದ್ದೇ ತಪ್ಪಾ?

ಉತ್ತರ: ಕಮ್ಮಾರರನ್ನು ಬೈಯಬೇಡಿ. ಲಾರಿ ಪ್ಲೇಟು ಒಳ್ಳೆಯ ಉಕ್ಕು. ಗ್ರೈಂಡರಿನಲ್ಲಿ ಬಾಯಿ ನೀಲಿ ಬಣ್ಣಕ್ಕೆ ತಿರುಗಿತ್ತಾ, ನೆನಪು ಮಾಡಿಕೊಳ್ಳಿ. ತಿರುಗಿದ್ದರೆ ಅಲ್ಲಿ ಹದ ಇಳಿದು ಮೆತ್ತಗಾಗಿದೆ. ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ, ಹಾಗೇ ಮೆಲ್ಲಗೆ ಎಳೆದು ನೋಡಿ. ಬಾಗಿ ವಾಪಸ್ ಬಂದರೆ ಸರಿ ಇದೆ. ಬಾಗಿದಲ್ಲೇ ನಿಂತರೆ ಮೆದು, ಮುಕ್ಕಾದರೆ ಗಡಸು ಜಾಸ್ತಿ. ನೀಲಿಯಾದಷ್ಟು ಭಾಗವನ್ನು ನೀರು ಹಾಕುತ್ತಾ ಕಲ್ಲಿನಲ್ಲಿ ತೇಯ್ದು ತೆಗೆದರೆ ಒಳಗಿನ ಗಟ್ಟಿ ಉಕ್ಕು ಸಿಗುತ್ತದೆ. ಒಂದು ಸಂಜೆಯ ಕೆಲಸ.