ಯಹೂದಿ, ಕ್ರೈಸ್ತ, ಇಸ್ಲಾಂ ಮೂರೂ ಒಂದೇ ಬೇರಿನವು ಅಂತಾರಲ್ಲ, ನಿಜವಾ?

ನಿಜ. ಮೂರರಲ್ಲೂ ದೇವರು ಒಬ್ಬನೇ, ಮೂಲಪುರುಷನೂ ಒಬ್ಬನೇ. ಬೈಬಲ್‌ನಲ್ಲಿ ಅಬ್ರಹಾಮ, ಕುರಾನಿನಲ್ಲಿ ಇಬ್ರಾಹಿಂ.

ನನಗೆ ಇದು ಮನಸ್ಸಿಗೆ ತಟ್ಟಿದ್ದು ಶಿವಮೊಗ್ಗದ ನಮ್ಮ ಬೀದಿಯಲ್ಲೇ. ಬಕ್ರೀದ್ ದಿನ ಪಕ್ಕದ ಮನೆಯ ಚಾಚಾ ಶಾವಿಗೆ ಪಾಯಸ ಕೊಡುತ್ತಾ ಕಥೆ ಹೇಳಿದರು. ದೇವರ ಮಾತಿಗೆ ಇಬ್ರಾಹಿಂ ಮಗನನ್ನೇ ಬಲಿ ಕೊಡಲು ಹೊರಟರು. ಕೊನೇ ಗಳಿಗೆಯಲ್ಲಿ ಮಗ ಉಳಿದ, ಬದಲಿಗೆ ಟಗರು ಬಂತು. ಚರ್ಚಿಗೆ ಹೋಗುವ ಎದುರುಮನೆ ಆಂಟಿ ತಕ್ಷಣ, "ಇದು ನಮ್ಮ ಬೈಬಲ್‌ನಲ್ಲೂ ಇದೆ ಅಲ್ವಾ!" ಅಂದರು. ಬೈಬಲ್‌ನಲ್ಲಿ ಆ ಮಗ ಇಸಾಕ. ಹೆಚ್ಚಿನ ಮುಸ್ಲಿಮರ ನಂಬಿಕೆಯಲ್ಲಿ ಇಸ್ಮಾಯಿಲ್. ಯಹೂದಿಗಳು ತಮ್ಮದು ಇಸಾಕನ ವಂಶ ಅನ್ನುತ್ತಾರೆ. ಪ್ರವಾದಿ ಮುಹಮ್ಮದರ ವಂಶವನ್ನು ಮುಸ್ಲಿಮರು ಇಸ್ಮಾಯಿಲರಿಂದ ಎಣಿಸುತ್ತಾರೆ.

ಮೂರರಲ್ಲಿ ಹಳೆಯದು ಯಹೂದಿ ಧರ್ಮ. ಪ್ರವಾದಿ ಮೋಶೆಯ ಮೂಲಕ ಬಂದ ತೋರಾ ಅನ್ನುವ ಪವಿತ್ರ ಗ್ರಂಥ ಅದರ ಬುನಾದಿ. ಯೇಸು ಹುಟ್ಟಿದ್ದೂ ಯಹೂದಿಯಾಗಿಯೇ, ಇದು ಜಾಸ್ತಿ ಜನರಿಗೆ ಗೊತ್ತಿರಲ್ಲ. ದಾರಿ ಕವಲೊಡೆಯುವುದು ಯೇಸು ಯಾರು ಅನ್ನುವಲ್ಲಿ. ಕ್ರೈಸ್ತರಿಗೆ ದೇವರ ಮಗ. ಯಹೂದಿಗಳ ಪ್ರಕಾರ ಯೇಸು ಮೆಸ್ಸೀಯ, ಅಂದರೆ ದೇವರು ಕಳಿಸುವ ರಕ್ಷಕ, ಅಲ್ಲ; ಆ ಮೆಸ್ಸೀಯ ಇನ್ನೂ ಬರಬೇಕು. ಮುಸ್ಲಿಮರಿಗೆ ಅವರು ಈಸಾ, ದೊಡ್ಡ ಪ್ರವಾದಿ, ಆದರೆ ದೇವರ ಮಗನಲ್ಲ. ಕುರಾನಿನ 19ನೇ ಅಧ್ಯಾಯಕ್ಕೆ ಈಸಾರ ತಾಯಿ ಮರ್ಯಮರ ಹೆಸರೇ ಇದೆ. ಇಸ್ಲಾಮಿನ ಕೊನೆಯ ಪ್ರವಾದಿ ಮುಹಮ್ಮದ್. 622ರಲ್ಲಿ ಅವರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷದಿಂದಲೇ ಮುಸ್ಲಿಮರ ಕಾಲಗಣನೆಯಾದ ಹಿಜ್ರಿ ಶಕೆ ಶುರು.