ಫ್ಯೋರ್ಡ್ ದಡದಲ್ಲಿ ಒಂದು ವಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಲಿ ಡೆನ್ಮಾರ್ಕಿನ ಮರಿಯಾಗರ್ ಫ್ಯೋರ್ಡ್ (ಫ್ಯೋರ್ಡ್ ಅಂದ್ರೆ ನೆಲದೊಳಗೆ ಉದ್ದಕ್ಕೆ ನುಗ್ಗಿರೋ ಸಮುದ್ರದ ಚಾಚು) ಬಗ್ಗೆ ಅರ್ಧ ಪುಟ ಬರೆದಿದ್ದೆ, ಗದ್ದಲ ಇಲ್ಲದ ಜಾಗ, ಕಾಡು ನೀರು ಎರಡೂ ಇದೆ, ಒಂದು ವಾರ ಸುಮ್ನೆ ಇದ್ದು ಬರೋಕೆ ಚೆನ್ನಾಗಿದೆ ಅಂತ. ಅದಕ್ಕೆ ಕೊಡಗಿನಿಂದಲೇ ಇಷ್ಟೊಂದು ಪ್ರಶ್ನೆ ಬಂದಿದ್ದು ನೋಡಿ ಖುಷಿಯಾಯ್ತು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದೀನಿ.

ನಾರ್ವೆ ಫ್ಯೋರ್ಡ್ ಫೋಟೋ ನೋಡಿದೀವಿ, ಎರಡೂ ಕಡೆ ಕಡಿದಾದ ಬಂಡೆ, ಮೇಲಿಂದ ಜಲಪಾತ. ಡೆನ್ಮಾರ್ಕಲ್ಲೂ ಹಂಗೇ ಇರತ್ತಾ? – ಪೊನ್ನಂಪೇಟೆಯ ಓದುಗರು

ಇರಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆ ಫೋಟೋ ತಲೇಲಿ ಇಟ್ಕೊಂಡು ಹೋದ್ರೆ ಖಂಡಿತ ಬೇಜಾರಾಗತ್ತೆ. ಇಡೀ ಡೆನ್ಮಾರ್ಕಿನ ಅತಿ ಎತ್ತರದ ನೆಲ 171 ಮೀಟರ್ ಕೂಡ ಮುಟ್ಟಲ್ಲ, ನಮ್ಮ ತಡಿಯಂಡಮೋಳ್ ಬೆಟ್ಟ 1748 ಮೀಟರ್. ನಾರ್ವೆಲಿ ಹಿಮನದಿಗಳು ಗಟ್ಟಿ ಬಂಡೆನೇ ಕೊರೆದು ಆಳದ ಕಣಿವೆ ಮಾಡಿದ್ವು, ಡೆನ್ಮಾರ್ಕಲ್ಲಿ ನೆಲ ಮೆದು, ಹಿಮಯುಗದಲ್ಲಿ ಹಿಮ ಮತ್ತೆ ಅದು ಕರಗಿದ ನೀರು ಸೇರಿ ಮಣ್ಣಲ್ಲಿ ತೋಡಿದ ಕಣಿವೆಗಳಿಗೆ ಆಮೇಲೆ ಸಮುದ್ರ ನುಗ್ಗಿ ಬಂತು, ಹಂಗಾಗಿ ಅಲ್ಲಿ ದಡ ಅಂದ್ರೆ ಹುಲ್ಲಿನ ಗುಡ್ಡ, ಬೀಚ್ (beech) ಅನ್ನೋ ಮರದ ಕಾಡು, ಹೊಲ, ಜೊಂಡು, ಅಲ್ಲಲ್ಲಿ ಒಂದು ಚರ್ಚಿನ ಬಿಳಿ ಗೋಪುರ.

ಮರಿಯಾಗರ್ ಫ್ಯೋರ್ಡ್ ಜಟ್‌ಲ್ಯಾಂಡ್ ಪರ್ಯಾಯದ್ವೀಪದ ಪೂರ್ವ ಕರಾವಳಿಲಿ ಕಟ್ಟೆಗಾಟ್ ಸಮುದ್ರದಿಂದ ಒಳಗೆ 35 ಕಿ.ಮೀ.ಗಿಂತ ಜಾಸ್ತಿ ದೂರ ಹೋಗಿ ಹೋಬ್ರೋ ಅನ್ನೋ ಊರಲ್ಲಿ ನಿಲ್ಲತ್ತೆ. ಮಧ್ಯದಲ್ಲಿ ಹಾಡ್ಸುಂಡ್, ಮರಿಯಾಗರ್ ಅಂತ ಎರಡು ಸಣ್ಣ ಪೇಟೆ. ಮರಿಯಾಗರ್ ಅಂತೂ ಕಲ್ಲು ಹಾಸಿದ ಓಣಿ, ಮನೆ ಗೋಡೆಗೆ ಹಬ್ಬಿದ ಗುಲಾಬಿ, ಹಳೇ ಮಠದ ಚರ್ಚು, ಬೇಸಿಗೆಲಿ ಫ್ಯೋರ್ಡ್ ಮೇಲೆ ಚಕ್ರದಿಂದ ನೀರು ತಳ್ಳಿ ಓಡೋ ದೋಣಿ, ಇಷ್ಟೇ. ಜಲಪಾತ ಬೇಕು ಅಂದ್ರೆ ಇರ್ಪು ಇದೆ, ನಾರ್ವೆ ಇದೆ. ಒಂದೇ ಜಾಗದಲ್ಲಿ ಕೂತು ನೀರಿನ ಬಣ್ಣ ಬದಲಾಗೋದು ನೋಡೋಕೆ ಇಷ್ಟ ಇದ್ರೆ, ದಿನಾ ನಡೆಯೋ ಅಭ್ಯಾಸ ಇದ್ರೆ ಮಾತ್ರ ಇಲ್ಲಿಗೆ ಹೋಗಿ.

ತೋಟದ ಕೆಲಸ ಬಿಟ್ಟು ಹೋಗೋಕೆ ಆಗೋದು ವರ್ಷದಲ್ಲಿ ಸ್ವಲ್ಪ ದಿನ ಅಷ್ಟೇ. ಯಾವಾಗ ಹೋದ್ರೆ ಒಳ್ಳೇದು? – ಸುಂಟಿಕೊಪ್ಪದ ಕಾಫಿ ಬೆಳೆಗಾರರು

ನನ್ನ ಕೇಳಿದ್ರೆ ಮೇ ಕೊನೆ ವಾರದಿಂದ ಜೂನ್ ಮಧ್ಯದವರೆಗೆ. ಆಗ ಅಲ್ಲಿ ಬೀಚ್ ಮರದ ಎಲೆ ಇನ್ನೂ ಎಳೇದು, ಬೆಳಕು ಅದರೊಳಗಿಂದ ಹಸಿರಾಗಿ ಇಳಿಯತ್ತೆ, ಹೊಲದಲ್ಲಿ ಭರತಪಕ್ಷಿ (ಸ್ಕೈಲಾರ್ಕ್) ಎದ್ದು ಎದ್ದು ಹಾಡ್ತಾ ಇರತ್ತೆ, ರಾತ್ರಿ ಹತ್ತು ಗಂಟೆಗೂ ಹೊರಗೆ ಕೂತು ಪೇಪರ್ ಓದಬಹುದು ಅಷ್ಟು ಬೆಳಕು. ಜೂನಲ್ಲಿ ಹಗಲು ಹದಿನೇಳೂವರೆ ಗಂಟೆ ಹತ್ರ ಇರತ್ತೆ. ಇನ್ನೊಂದು ಕಾರಣ ಆರ್ಕಿಡ್. ಫ್ಯೋರ್ಡಿನ ಉತ್ತರಕ್ಕೆ ರೋಲ್ಡ್ ಅಂತ ದೊಡ್ಡ ಕಾಡಿದೆ, ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಇಡೀ ಡೆನ್ಮಾರ್ಕಲ್ಲಿ ಕಾಡು ಹೂವಾಗಿ ಉಳಿದಿರೋದು ಆ ಕಾಡಲ್ಲಿ ಮಾತ್ರ, ಹಳದಿ ಚೀಲದ ಥರ ಹೂವು, ಸುತ್ತ ಕಂದು ಎಸಳು, ಅದು ಅರಳೋದೂ ಇದೇ ಟೈಮಲ್ಲಿ, ಬೇಲಿ ಹಾಕಿ ಕಾಯ್ತಾರೆ, ಹೂವಿನ ಸಮಯದಲ್ಲಿ ಜನರಿಗೆ ನೋಡೋಕೆ ಬಿಡ್ತಾರೆ. ನಮ್ಮ ಮರಗಳ ಮೇಲೆ ಬೆಳೆಯೋ ಸೀತಾಳೆ ಹೂವು ನೋಡಿ ಬೆಳೆದವರಿಗೆ ಅದರ ಮುಂದೆ ನಿಂತಾಗ ಏನನ್ಸತ್ತೆ ಅಂತ ನಾನು ವಿವರಿಸಬೇಕಾಗಿಲ್ಲ.

ತೋಟದ ಕಡೆಯಿಂದ ನೋಡಿದ್ರೆ, ರೋಬಸ್ಟಾ ಕೊಯ್ಲು ಮುಗಿದು, ಹೂಮಳೆ, ಅದರ ಹಿಂದಿನ ಬ್ಯಾಕಿಂಗ್ ಮಳೆ ಎಲ್ಲ ಆಗಿ, ಮಳೆಗಾಲದ ಮುಂಚೆ ರೋಗಕ್ಕೆ ಹೊಡೆಯೋ ಬೋರ್ಡೋ ಸ್ಪ್ರೇ, ಗೊಬ್ಬರ ಒಂದು ಸುತ್ತು ಮುಗಿಸಿದ್ರೆ ಜೂನ್ ಮೊದಲ ವಾರಕ್ಕೆ ಹೊರಡಬಹುದು. ಜುಲೈ ಆಗಸ್ಟಲ್ಲಿ ತೋಟದಲ್ಲಿ ಕೆಲಸ ಕಮ್ಮಿ ಅನ್ನೋದು ನಿಜ, ಆದ್ರೆ 2018ರ ಭೂಕುಸಿತದ ಮೇಲೆ ಜೋರು ಮಳೇಲಿ ಮನೆ ಬಿಟ್ಟು ದೂರ ಹೋಗೋಕೆ ಯಾರಿಗೂ ಧೈರ್ಯ ಬರಲ್ಲ, ಹೋದ್ರೂ ಅಲ್ಲಿ ಕೂತು ಫೋನಲ್ಲಿ ಮಳೆ ಅಳತೆ ಕೇಳೋದೇ ಆಗತ್ತೆ. ಜುಲೈಲಿ ಅಲ್ಲಿನ ಶಾಲೆಗೂ ರಜೆ, ಮನೆ ಬಾಡಿಗೆ ಏರಿರತ್ತೆ. ರೋಲ್ಡ್ ಕಾಡಿನ ಪಕ್ಕದ ರೆಬಿಲ್ಡ್ ಗುಡ್ಡದಲ್ಲಿ ಹೀದರ್ ಗಿಡ ಪೂರ್ತಿ ನೇರಳೆ ಆಗೋದು ಆಗಸ್ಟಲ್ಲಿ, ಅದನ್ನೇ ನೋಡ್ಬೇಕು ಅನ್ನೋರಿಗೆ ಬೇರೆ ದಾರಿ ಇಲ್ಲ. ಆದ್ರೆ ಜುಲೈ 4ಕ್ಕೆ ರೆಬಿಲ್ಡ್ ಕಡೆ ಹೋಗ್ಬೇಡಿ, ಅಮೆರಿಕಕ್ಕೆ ವಲಸೆ ಹೋದ ಡೇನರು ಶುರು ಮಾಡಿದ, 1912ರಿಂದ ನಡ್ಕೊಂಡು ಬಂದ ದೊಡ್ಡ ಸಮಾರಂಭ ಅವತ್ತು, ನಿಮಗೆ ಬೇಕಾದ ಶಾಂತಿ ಸಿಗಲ್ಲ.

ಜೊತೆಗೆ ಎಪ್ಪತ್ತು ದಾಟಿದ ಅಮ್ಮ ಇರ್ತಾರೆ. ಹೋಗೋದು ಹೇಗೆ, ಉಳಿಯೋದು ಎಲ್ಲಿ? ನಮ್ಮ ಹೋಂಸ್ಟೇ ಥರ ಏನಾದ್ರೂ ಇದೆಯಾ? – ಕುಶಾಲನಗರದ ಓದುಗರು

ಬೆಂಗಳೂರಿಂದ ದುಬೈ, ದೋಹಾ ಥರ ಎಲ್ಲಾದ್ರೂ ಒಂದು ಕಡೆ ವಿಮಾನ ಬದಲಾಯಿಸಿ ಕೋಪನ್‌ಹೇಗನ್. ಅಲ್ಲಿಂದ ಆಲ್ಬೋರ್ಗ್ ಕಡೆ ಹೋಗೋ ರೈಲು ಹತ್ತಿ ಹೋಬ್ರೋದಲ್ಲಿ ಇಳಿಯೋದು, ಹೆಚ್ಚುಕಮ್ಮಿ ನಾಲ್ಕು ಗಂಟೆ. ದಾರಿಲಿ ಗ್ರೇಟ್ ಬೆಲ್ಟ್ ಜಲಸಂಧಿ ಬರತ್ತೆ, ರೈಲು ಮೊದಲು ಸಮುದ್ರದ ಕೆಳಗೆ ಸುರಂಗದಲ್ಲಿ ಹೋಗಿ ನಡುವಿನ ಪುಟ್ಟ ದ್ವೀಪದಲ್ಲಿ ಮೇಲೆ ಬಂದು ಆಮೇಲೆ ಸೇತುವೆ ಹತ್ತತ್ತೆ, ಅಮ್ಮನಿಗೆ ಕಿಟಕಿ ಪಕ್ಕದ ಸೀಟ್ ಬುಕ್ ಮಾಡಿ. ಮರಿಯಾಗರ್‌ಗೆ ಹೋಬ್ರೋದಿಂದ ಬಸ್ಸಿದೆ ಆದ್ರೆ ಸಂಜೆ ಮೇಲೆ, ಶನಿವಾರ ಭಾನುವಾರ ಕಮ್ಮಿ. ವಯಸ್ಸಾದವರು ಇದ್ರೆ ಕಾರ್ ಬಾಡಿಗೆಗೆ ತಗೊಳ್ಳಿ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿಂದಲೇ ಮಾಡಿಸ್ಕೊಂಡು ಹೋಗಿ, ಅಲ್ಲಿ ಬಲಗಡೆ ಓಡಿಸೋದು.

ಉಳಿಯೋಕೆ ಸಮರ್‌ಹೌಸ್. ನಮ್ಮ ಹೋಂಸ್ಟೇ ಥರ ಅಂದ್ಕೊಂಡು ಹೋಗ್ಬೇಡಿ, ಬಾಗಿಲಲ್ಲಿ ನಿಂತು ಕರೆಯೋರು ಇರಲ್ಲ, ಬೆಳಿಗ್ಗೆ ಅಕ್ಕಿ ರೊಟ್ಟಿ ಪಂದಿಕರಿ ಮಾಡಿ ಬಡಿಸೋರೂ ಇರಲ್ಲ. ಮರದ ಮನೆ, ಒಲೆ, ಅಡುಗೆಮನೆ, ಸುತ್ತ ಹುಲ್ಲು, ಬೀಗದ ಕೈ ಒಂದು ಡಬ್ಬಿಲಿ ಇರತ್ತೆ, ಉಳಿದಿದ್ದೆಲ್ಲ ನೀವೇ. ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಒಂದು ವಿಷಯ ಗಮನಿಸಿ, ಬಾಡಿಗೆ ದುಡ್ಡಲ್ಲಿ ಸಾಮಾನ್ಯವಾಗಿ ಕರೆಂಟ್ ಸೇರಿರಲ್ಲ, ಮೀಟರ್ ನೋಡಿ ಆಮೇಲೆ ಕೊಡ್ಬೇಕು, ಹಾಸಿಗೆ ಬಟ್ಟೆ ಟವಲ್ ಬೇರೆ, ಕೊನೇ ದಿನದ ಕ್ಲೀನಿಂಗ್ ಬೇರೆ, ಇದನ್ನೆಲ್ಲ ಓದ್ಕೊಂಡೇ ಬುಕ್ ಮಾಡಿ. ಫ್ಯೋರ್ಡಿನ ಬಾಯಿ ಹತ್ರ ಓಸ್ಟರ್ ಹುರುಪ್ ಅನ್ನೋ ಕಡಲ ಊರಲ್ಲಿ ಇಂಥ ಮನೆ ತುಂಬಾ ಇವೆ, ಅಲ್ಲಿ ಸಮುದ್ರ ಆಳ ಇಲ್ಲ, ಮರಳು ಸಮತಟ್ಟು, ಅಮ್ಮ ಆರಾಮಾಗಿ ನಡೀಬಹುದು.

ಕಾಡಲ್ಲಿ ಎಲ್ಲಿ ಬೇಕಾದ್ರೂ ಟೆಂಟ್ ಹಾಕ್ಬಹುದು ಅಂತಾರೆ, ಹೌದಾ? – ವಿರಾಜಪೇಟೆಯ ಇಬ್ಬರು ಗೆಳೆಯರು

ಅದು ಸ್ವೀಡನ್ ನಾರ್ವೆ ಕಥೆ, ಡೆನ್ಮಾರ್ಕಲ್ಲಿ ಆ ಹಕ್ಕು ಇಲ್ಲ. ಸರ್ಕಾರಿ ಕಾಡಲ್ಲಿ ಹಗಲು ರಾತ್ರಿ ಓಡಾಡಬಹುದು, ಖಾಸಗಿ ಕಾಡಲ್ಲಿ ಹಗಲು ಹೊತ್ತು ಮಾತ್ರ, ಅದೂ ದಾರಿ ಬಿಟ್ಟು ಇಳಿಯೋ ಹಾಗಿಲ್ಲ. ಟೆಂಟ್ ಹಾಕೋಕೆ ಅಂತ ಕೆಲವು ಸರ್ಕಾರಿ ಕಾಡುಗಳನ್ನ ಗುರುತು ಮಾಡಿದಾರೆ, ಚಿಕ್ಕ ಟೆಂಟ್, ರಾತ್ರಿ ಕಳೆದು ಮುಂದಕ್ಕೆ ಹೋಗ್ತಾ ಇರ್ಬೇಕು. ಅದಕ್ಕಿಂತ ಚೆನ್ನಾಗಿರೋದು ಶೆಲ್ಟರ್, ಮೂರು ಕಡೆ ಮರದ ಗೋಡೆ, ಮೇಲೆ ಮಾಡು, ಒಂದು ಕಡೆ ತೆರೆದಿರತ್ತೆ, ಮುಂದೆ ಬೆಂಕಿ ಹಾಕೋಕೆ ಕಲ್ಲಿನ ಸುತ್ತು, ಎಷ್ಟೋ ಕಡೆ ಫ್ರೀ, ಇನ್ನು ಕೆಲವು ಕಡೆ ಸ್ವಲ್ಪ ದುಡ್ಡು. ಬೆಂಕಿ ಆ ಸುತ್ತಿನೊಳಗೆ ಮಾತ್ರ. ಬ್ರಾಮ್ಸ್‌ಲೆವ್ ಗುಡ್ಡದ ಕಡೆ ನಡೆದು ಹೋಗಿ, ಹೋಬ್ರೋ ಹತ್ರನೇ, ದನ ಮೇಯೋ ಹುಲ್ಲಿನ ಇಳಿಜಾರು ಸೀದಾ ಫ್ಯೋರ್ಡಿಗೆ ಇಳಿಯತ್ತೆ. ಹೋಬ್ರೋಲೇ ಫ್ಯೂರ್ಕಾಟ್ ಅನ್ನೋ ವೈಕಿಂಗ್ ಕೋಟೆ ಇದೆ, ಸುಮಾರು 980ರಲ್ಲಿ ಕಟ್ಟಿದ್ದು, ಕೈವಾರ ಇಟ್ಟು ಎಳೆದಂಗೆ ದುಂಡಗಿನ ಮಣ್ಣಿನ ದಿಬ್ಬ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನಮ್ಮ ಕದಂಗ (ಕೊಡಗಿನ ಹಳೇ ಮಣ್ಣಿನ ಕಂದಕ) ನೋಡಿದವರಿಗೆ ಮಣ್ಣು ಎತ್ತಿ ಗಡಿ ಕಟ್ಟೋ ಕೆಲಸ ಎಷ್ಟು ಅಂತ ಗೊತ್ತಿರತ್ತೆ.

ಆ ಫ್ಯೋರ್ಡಲ್ಲಿ ಒಂದ್ಸಲ ಮೀನೆಲ್ಲ ಸತ್ತು ಹೋಗಿತ್ತು ಅಂತ ಎಲ್ಲೋ ಓದಿದೆ. ಹಂಗಿದ್ದ ಮೇಲೆ ಪ್ರಕೃತಿ ನೋಡೋಕೆ ಅಂತ ಅಲ್ಲಿಗೆ ಯಾಕೆ ಹೋಗ್ಬೇಕು? – ನಾಪೋಕ್ಲುವಿನ ಓದುಗರು

ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದು. ಓದಿದ್ದು ನಿಜ. 1997ರ ಆಗಸ್ಟಲ್ಲಿ ಸೆಖೆ ಜೋರಾಗಿ, ಗಾಳಿ ಬೀಸದೆ, ಮರಿಯಾಗರ್ ಫ್ಯೋರ್ಡಿನ ಒಳಭಾಗದಲ್ಲಿ ತಳದಿಂದ ಮೇಲಿನವರೆಗೂ ನೀರಲ್ಲಿ ಆಕ್ಸಿಜನ್ ಖಾಲಿ ಆಯ್ತು. ಮೀನು, ಚಿಪ್ಪಿನ ಜೀವಿಗಳು ಎಲ್ಲ ಸತ್ತವು, ಕೊಳೆತ ಮೊಟ್ಟೆ ವಾಸನೆ ದಡದ ಊರುಗಳಿಗೆಲ್ಲ ಹೊಡೀತು.

ಹೆಂಗಾಯ್ತು ಅಂದ್ರೆ, ಡೆನ್ಮಾರ್ಕಿನ ನೆಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಲ, ಹಂದಿ ಸಾಕಣೆ ಬೇರೆ ಭಾರೀ, ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕ ರಂಜಕ ಮಳೆ ನೀರಲ್ಲಿ ತೊಳೆದು ತೊರೆಗೆ, ತೊರೆಯಿಂದ ಫ್ಯೋರ್ಡಿಗೆ ಬರತ್ತೆ, ಅದನ್ನ ತಿಂದು ಪಾಚಿ ಮಿತಿ ಮೀರಿ ಬೆಳೆಯತ್ತೆ, ಸತ್ತು ತಳಕ್ಕೆ ಬೀಳತ್ತೆ, ಅದನ್ನ ಕೊಳೆಸೋ ಬ್ಯಾಕ್ಟೀರಿಯಾಗಳು ಇರೋ ಆಕ್ಸಿಜನ್ ಎಲ್ಲ ಎಳ್ಕೊಂಡು ಬಿಡ್ತವೆ. ಈ ಫ್ಯೋರ್ಡಿಗೆ ಇನ್ನೊಂದು ಕಷ್ಟ, ಒಳಗೆ ಸುಮಾರು 30 ಮೀಟರ್‌ವರೆಗೆ ಆಳ, ಸಮುದ್ರದ ಕಡೆ ಬಾಯಿ ಮಾತ್ರ ಉದ್ದಕ್ಕೂ ಆಳ ಇಲ್ಲ, ಹಂಗಾಗಿ ತಳದ ಉಪ್ಪು ನೀರು ಅಲ್ಲೇ ಕೂತಿರತ್ತೆ, ಹೊಸ ನೀರು ಬರೋದು ನಿಧಾನ.

ಮರುವರ್ಷ, 1998ರಲ್ಲಿ, ಅಲ್ಲಿನ ಸಂಸತ್ತು ಗೊಬ್ಬರಕ್ಕೆ ಇನ್ನಷ್ಟು ಕಡಿವಾಣ ಹಾಕೋ ಯೋಜನೆ ಪಾಸ್ ಮಾಡ್ತು. ಆದ್ರೂ ಫ್ಯೋರ್ಡ್‌ಗಳು ಇನ್ನೂ ಸುಧಾರಿಸ್ಕೊಂಡಿಲ್ಲ, ಸ್ವಲ್ಪ ದಕ್ಷಿಣದ ವೈಲೆ ಫ್ಯೋರ್ಡಿಗೆ 2024ರಲ್ಲಿ ಜನ ಸೇರಿ ಶವಸಂಸ್ಕಾರನೇ ಮಾಡಿದ್ರು, ಸತ್ತ ಫ್ಯೋರ್ಡಿಗೆ ವಿದಾಯ ಅಂತ. ಅದೇ ವರ್ಷ ಸರ್ಕಾರ, ರೈತರು, ಪರಿಸರದವರು ಒಟ್ಟಿಗೆ ಕೂತು ಒಂದು ಒಪ್ಪಂದಕ್ಕೆ ಬಂದ್ರು, ಎಷ್ಟೋ ಹೊಲಗಳನ್ನ ವಾಪಸ್ ಕಾಡಿಗೆ, ಜೌಗಿಗೆ ಬಿಡೋದು, ಒಂದು ನೂರು ಕೋಟಿ ಮರ ನೆಡೋದು.

ದಡದಲ್ಲಿ ನಿಂತಾಗ ಇದನ್ನ ಕಣ್ಣಲ್ಲೇ ನೋಡ್ಬಹುದು. ಮೊಣಕಾಲುದ್ದ ನೀರಿಗಿಳಿದು ಕೆಳಗೆ ನೋಡಿ. ಈಲ್‌ಗ್ರಾಸ್ ಅಂತ ರಿಬ್ಬನ್ ಥರದ ಉದ್ದ ಹಸಿರು ಹುಲ್ಲು ಮರಳಲ್ಲಿ ಬೇರು ಬಿಟ್ಟು ಅಲ್ಲಾಡ್ತಾ ಇದ್ರೆ, ಅದರ ನಡುವೆ ಸಣ್ಣ ಸೀಗಡಿ, ಬೆರಳುದ್ದದ ಮೀನು ಓಡಾಡ್ತಾ ಇದ್ರೆ ಆ ಜಾಗ ಚೆನ್ನಾಗಿದೆ ಅಂತ, ಯಾಕಂದ್ರೆ ತಳಕ್ಕೆ ಬೆಳಕು ಮುಟ್ಟಿದ್ರೆ ಮಾತ್ರ ಆ ಹುಲ್ಲು ಬದುಕೋದು. ಹುಲ್ಲಿಲ್ಲದೆ ಬರೀ ಕಂದು ನೂಲಿನಂಥ ಪಾಚಿ ಕಾಲಿಗೆ ಸುತ್ಕೊಂಡ್ರೆ, ಕೆಸರು ಕರಿ ಬಣ್ಣ ಇದ್ರೆ, ಅಲ್ಲಿ ಕಾಯಿಲೆ ಇನ್ನೂ ಇದೆ.

ಅದಕ್ಕೇ ಹೋಗಿ ಅಂತೀನಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ನೀರು ತೋಡಿಗೆ ಬಿಟ್ಟಾಗ ಏನಾಗತ್ತೆ ಅಂತ ನಾಪೋಕ್ಲು ಕಡೆಯವರಿಗೆ ಗೊತ್ತು, ಮಳೆ ಹಿಡಿಯೋ ಮುಂಚೆ ಸುರಿದ ಯೂರಿಯಾ ಎಲ್ಲಿಗೆ ಹೋಗತ್ತೆ ಅಂತಾನೂ ಗೊತ್ತು, ಕಾವೇರಿ ನಮ್ಮ ಮನೆ ಹಿಂದೆನೇ ಹರಿಯೋದು. ಫ್ಯೋರ್ಡ್ ನಿಂತ ನೀರು, ನಮ್ಮದು ಹರಿಯೋ ನೀರು, ಹಂಗಾಗಿ ನಮ್ಮ ಪಾಲಿನದು ಕೆಳಗಿನವರಿಗೆ ಹೋಗಿಬಿಡತ್ತೆ, ನಮಗೆ ಕಾಣಲ್ಲ. ಅಲ್ಲಿ ಅದು ಹಾಕಿದವರ ಕಣ್ಣೆದುರೇ ಉಳೀತು. ಸ್ನಾನದ ನೀರು ಹೇಗೆ ಅಂತಾನೂ ಕೇಳಿದೀರಿ, ಈಜೋ ಜಾಗಗಳಲ್ಲಿ ನೀರು ಟೆಸ್ಟ್ ಮಾಡ್ತಾರೆ, ಬೋರ್ಡ್ ಹಾಕಿರ್ತಾರೆ, ಸೆಖೆ ದಿನಗಳಲ್ಲಿ ನೀರು ಹಸಿರು ಗಂಜಿ ಥರ ಕಂಡ್ರೆ ಮಕ್ಕಳನ್ನ ಇಳಿಸ್ಬೇಡಿ.

ಜಿಗಣೆ, ಹಾವು, ಕಾಡುಪ್ರಾಣಿ? – ಸೋಮವಾರಪೇಟೆಯ ಓದುಗರು

ಜಿಗಣೆ ಕಾಟ ಇಲ್ಲ, ಆದ್ರೆ ಉಣ್ಣೆ ಹುಳ (ಉಣುಗು) ಇದೆ, ಅದು ಜಿಗಣೆಗಿಂತ ಕೆಟ್ಟದ್ದು, ಲೈಮ್ ಕಾಯಿಲೆ ಹರಡತ್ತೆ. ಉದ್ದ ಹುಲ್ಲಲ್ಲಿ ನಡೆದು ಬಂದ ಮೇಲೆ ಮೊಣಕಾಲ ಹಿಂದೆ, ಸೊಂಟ, ಕಂಕುಳು ನೋಡ್ಕೊಳ್ಳಿ, ಕಚ್ಚಿದ್ರೆ ಚಿಮುಟದಲ್ಲಿ ಚರ್ಮದ ಹತ್ರ ಹಿಡಿದು ಎಳೀರಿ, ಆಮೇಲೆ ಅಲ್ಲಿ ಕೆಂಪು ಉಂಗುರ ಹರಡಿದ್ರೆ ಡಾಕ್ಟರ್ ಹತ್ರ ಹೋಗಿ. ವಿಷದ ಹಾವು ಅಂದ್ರೆ ಒಂದೇ ಜಾತಿ, ಆ್ಯಡರ್. ಆನೆ ಭಯ ಇಲ್ಲದೆ ಕತ್ತಲಾಗೋವರೆಗೂ ಕಾಡಲ್ಲಿ ನಡೆಯೋದು ನಮ್ಮವರಿಗೆ ಒಂದು ದೊಡ್ಡ ನೆಮ್ಮದಿ.

ಊಟ? ಇಲ್ಲಿಂದ ಏನು ತಗೊಂಡು ಹೋಗ್ಬಹುದು? – ಮಡಿಕೇರಿಯ ಓದುಗರು

ಹಂದಿ ಮಾಂಸ ಧಾರಾಳ, ಸೂಪರ್‌ಮಾರ್ಕೆಟ್ಟಲ್ಲೇ ಚರ್ಮ ಸಮೇತ ಸಿಗತ್ತೆ, ಹಂಗಾಗಿ ಪಂದಿಕರಿಗೆ ಹಾಕೋ ಕಾಚಂಪುಳಿ ಹುಳಿ, ಹುರಿದ ಮಸಾಲೆ ಪುಡಿ ಚೆಕ್‌ಇನ್ ಲಗೇಜಲ್ಲಿ ಇಟ್ಕೊಂಡು ಹೋದ್ರೆ ಸಮರ್‌ಹೌಸಲ್ಲೇ ಅಡುಗೆ ಆಗತ್ತೆ. ಒಣಗಿಸಿದ ಮಾಂಸ, ಪಂದಿ ಉಪ್ಪಿನಕಾಯಿ, ತುಪ್ಪ ಬೇಡ, ಹೊರಗಿನಿಂದ ಮಾಂಸ ಹಾಲಿನ ಪದಾರ್ಥ ಯೂರೋಪ್ ಒಕ್ಕೂಟದೊಳಗೆ ಬಿಡಲ್ಲ. ಜೂನಲ್ಲಿ ಹೊಸ ಆಲೂಗಡ್ಡೆ, ಸ್ಟ್ರಾಬೆರಿ ಬರತ್ತೆ, ಹಳ್ಳಿ ರಸ್ತೆ ಪಕ್ಕ ರೈತರ ಸಣ್ಣ ಮರದ ಪೆಟ್ಟಿಗೆ ಅಂಗಡಿಗಳಿವೆ, ಮಣ್ಣು ಅಂಟಿರೋ ಆಲೂಗಡ್ಡೆ ಚೀಲ, ಪಕ್ಕದಲ್ಲಿ ದುಡ್ಡು ಹಾಕೋ ಡಬ್ಬಿ, ಯಾರೂ ಕಾಯ್ತಾ ಇರಲ್ಲ. ಅಲ್ಲಿನವರು ಫೋನಲ್ಲಿ ಕಟ್ತಾರೆ, ಆ ಆ್ಯಪ್ ನಮಗೆ ಕೆಲಸ ಮಾಡಲ್ಲ, ಅದಕ್ಕೆ ಸ್ವಲ್ಪ ಕ್ರೋನ್ ಚಿಲ್ಲರೆ ಇಟ್ಕೊಳ್ಳಿ.

ನಮ್ಮ ಮನೆತನದ ಜಮ್ಮಾ ಆಸ್ತಿ ಇರೋದು ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿ. ವೀಸಾಗೆ ಆದಾಯ ತೋರಿಸೋದು ಹೇಗೆ? – ಅಮ್ಮತ್ತಿಯ ಓದುಗರು

ಬೇಕಾಗಿರೋದು ಷೆಂಗನ್ ವೀಸಾ (ಯೂರೋಪಿನ ಎಷ್ಟೋ ದೇಶಗಳಿಗೆ ಒಂದೇ ವೀಸಾ), ದೊಡ್ಡವರಿಗೆ 90 ಯೂರೋ ಫೀ, ಸರ್ವೀಸ್ ಚಾರ್ಜ್ ಬೇರೆ, 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಆರ್‌ಟಿಸಿಲಿ ನಿಮ್ಮ ಹೆಸರು ಇಲ್ಲ ಅಂತ ಗಾಬರಿ ಬೇಡ, ಅವರು ಮುಖ್ಯವಾಗಿ ನೋಡೋದು ನಿಮ್ಮ ಖಾತೇಲಿ ದುಡ್ಡು ಹೇಗೆ ಬರತ್ತೆ, ನೀವು ವಾಪಸ್ ಬರ್ತೀರಾ ಅನ್ನೋದು. ಕಾಫಿ, ಮೆಣಸು ಮಾರಿದ ಬಿಲ್ಲು, ಆ ದುಡ್ಡು ಬಂದಿರೋ ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್ ಹಾಕ್ತಿದ್ರೆ ಅದರ ಕಾಪಿ, ಆಸ್ತಿಲಿ ನಿಮ್ಮ ಪಾಲು ಯಾವುದು ಅಂತ ವಿವರಿಸೋ ಒಂದು ಪತ್ರ ಜೋಡಿಸಿ. ಅರ್ಜಿಯನ್ನ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕ್ಬಹುದು, ಕಮ್ಮಿ ಅಂದ್ರೂ ಹದಿನೈದು ದಿನ ಮುಂಚೆ ಕೊಟ್ಟಿರ್ಬೇಕು, ಆದ್ರೆ ಬೇಸಿಗೆಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಜೂನಿಗೆ ಹೋಗೋದಾದ್ರೆ ಕೊಯ್ಲು ಮುಗಿದ ತಕ್ಷಣ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲೇ ಸ್ಲಾಟ್ ಹಿಡ್ಕೊಳ್ಳಿ.