ಅಮೆರಿಕದ ಸಣ್ಣ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಗಳಲ್ಲಿ ತಿಳಿದುಕೊಳ್ಳುವಂಥ ಚರಿತ್ರೆ ಯಾವುದಕ್ಕಿದೆ?

ಎನ್‌ಬಿಎ ನೋಡುತ್ತೀರಿ, ಮಾರ್ಚ್ ಮ್ಯಾಡ್ನೆಸ್ ಗೊತ್ತು, ಆದರೆ ಸಣ್ಣ ಕಾಲೇಜುಗಳ ಕಾನ್ಫರೆನ್ಸ್ (ಅಂದರೆ ಒಕ್ಕೂಟ) ಟೂರ್ನಿಗಳಿಗೆ ಹೇಳಿಕೊಳ್ಳುವಂಥ ಕಥೆ ಇದೆಯಾ ಅಂತ ಕೇಳಿದ್ದೀರಿ. ಇದೆ. ಸಿಐಎಎ ಪುರುಷರ ಟೂರ್ನಿಯಿಂದ ಶುರು ಮಾಡಿ. ನಾನು ನಾರ್ತ್ ಕೆರೊಲಿನಾದಲ್ಲಿ ಇರುವುದರಿಂದ ಇದರ ಮೇಲೆ ಸ್ವಲ್ಪ ಜಾಸ್ತಿ ಅಭಿಮಾನ. ಆದರೂ ಇದಕ್ಕೆ ಸಾಟಿಯಾದ ಸಣ್ಣ ಟೂರ್ನಿ ಇನ್ನೊಂದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಸಿಐಎಎ ಅನ್ನುವುದು ಕಪ್ಪು ಜನರ ಕಾಲೇಜುಗಳ ಒಕ್ಕೂಟ. 1912ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಹುಟ್ಟಿತು. ಆಗ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹುಡುಗರಿಗೆ ಬಿಳಿಯರ ಕಾಲೇಜಿನಲ್ಲಿ ಸೀಟೇ ಸಿಗುತ್ತಿರಲಿಲ್ಲ, ಇನ್ನು ಅವರ ಜೊತೆ ಆಡುವ ಮಾತೆಲ್ಲಿ? ಹಾಗಾಗಿ ತಮ್ಮ ಕೋಚ್, ತಮ್ಮ ಅಂಪೈರ್, ತಮ್ಮ ಚಾಂಪಿಯನ್, ಎಲ್ಲವನ್ನೂ ತಾವೇ ಮಾಡಿಕೊಂಡರು.

ಟೂರ್ನಿ ಶುರುವಾಗಿದ್ದು 1946ರಲ್ಲಿ, ವಾಷಿಂಗ್ಟನ್ ಡಿಸಿಯ ಟರ್ನರ್ಸ್ ಅರೀನಾದಲ್ಲಿ. ಅದು ಕುಸ್ತಿ, ಬಾಕ್ಸಿಂಗ್ ನಡೆಯುತ್ತಿದ್ದ ಜಾಗ. ಸುಮಾರು ಎರಡು ಸಾವಿರ ಜನ ಹಿಡಿಸುತ್ತಿತ್ತು, ಅಷ್ಟೇ. ಮೊದಲ ಫೈನಲ್ಲೇ ಎಂಥದ್ದು ಗೊತ್ತಾ? ನಾರ್ತ್ ಕೆರೊಲಿನಾ ಕಾಲೇಜ್ ಮತ್ತು ವರ್ಜೀನಿಯಾ ಯೂನಿಯನ್ ಸಮಸಮ ನಿಂತವು. ಒಂದು ಓವರ್‌ಟೈಮ್ ಆಯಿತು, ಎರಡಾಯಿತು, ಮೂರನೆಯದರಲ್ಲಿ ನಾರ್ತ್ ಕೆರೊಲಿನಾ ಕಾಲೇಜ್ 64-56ರಿಂದ ಗೆದ್ದಿತು. ಟೂರ್ನಿ ನಡೆಯುತ್ತೋ ಇಲ್ಲವೋ ಅನ್ನುವ ಅನುಮಾನ ಯಾರಿಗಾದರೂ ಇದ್ದಿದ್ದರೆ ಅಲ್ಲಿಗೆ ಮುಗಿದಿರಬೇಕು.

ಗೆದ್ದ ತಂಡದ ಕೋಚ್ ಜಾನ್ ಮೆಕ್‌ಲೆಂಡನ್. ಟೂರ್ನಿ ಆಗಲೇಬೇಕು ಅಂತ ಓಡಾಡಿದವರಲ್ಲಿ ಇವರೂ ಒಬ್ಬರು. ಇವರ ಬಗ್ಗೆ ಎಷ್ಟು ಬರೆದರೂ ಸಾಲದು. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಹತ್ತಿರವೇ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿತವರು. ಆದರೆ ಕಪ್ಪು ವಿದ್ಯಾರ್ಥಿ ಅಂತ ಅಲ್ಲಿನ ತಂಡದಲ್ಲಿ ಆಡುವ ಹಾಗಿರಲಿಲ್ಲ. ಆಟ ಹುಟ್ಟಿಸಿದವನ ಶಿಷ್ಯನಿಗೇ ಆಟದ ಅಂಗಳಕ್ಕೆ ಪ್ರವೇಶ ಇಲ್ಲ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವರು ಮಾತ್ರ ನಾರ್ತ್ ಕೆರೊಲಿನಾ ಕಾಲೇಜ್ ಇರುವ ಡರ್ಹಮ್ ಊರಿಗೆ ಬಂದು ಕೋಚ್ ಆದರು. ಚೆಂಡು ಸಿಕ್ಕ ಕ್ಷಣವೇ ಎದುರಿನ ಬುಟ್ಟಿಗೆ ಓಡುವ ವೇಗದ ಆಟವನ್ನು ಹುಡುಗರಿಗೆ ಕಲಿಸಿದರು.

ಆ ಆಟದ ತಾಕತ್ತು ಟೂರ್ನಿಗೂ ಎರಡು ವರ್ಷ ಮೊದಲೇ ಗೊತ್ತಾಗಿತ್ತು. 1944ರ ಮಾರ್ಚ್ 12, ಭಾನುವಾರ. ಊರೆಲ್ಲ ಚರ್ಚಿನಲ್ಲಿದ್ದ ಹೊತ್ತು. ಅದೇ ಊರಿನ ಡ್ಯೂಕ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ ಬಿಳಿಯ ಹುಡುಗರ ತಂಡ ಸುತ್ತುಬಳಸಿ ಕಾರು ಓಡಿಸಿಕೊಂಡು, ಮುಖ ಕಾಣದ ಹಾಗೆ ಜಾಕೆಟ್ ಎಳೆದುಕೊಂಡು ಮೆಕ್‌ಲೆಂಡನ್ ಜಿಮ್‌ಗೆ ಬಂತು. ಬಾಗಿಲಿಗೆ ಬೀಗ ಹಾಕಿ ಆಡಿದರು. ಸಿಕ್ಕಿಬಿದ್ದಿದ್ದರೆ ಬರೀ ಬೈಗುಳದಲ್ಲಿ ಮುಗಿಯುತ್ತಿರಲಿಲ್ಲ. ನಾರ್ತ್ ಕೆರೊಲಿನಾ ಕಾಲೇಜ್ 88, ಡ್ಯೂಕ್ ಹುಡುಗರು 44. ನನಗೆ ಈ ಅಂಕಗಳಿಗಿಂತ ಇಷ್ಟವಾಗುವುದು ಆಮೇಲೆ ನಡೆದದ್ದು. ಎರಡೂ ಕಡೆಯವರು ಬೆರೆತು, ಹೊಸದಾಗಿ ಎರಡು ತಂಡ ಮಾಡಿಕೊಂಡು, ಇನ್ನೊಂದು ಆಟ ಆಡಿದರು. ಸುಮಾರು ಐವತ್ತು ವರ್ಷ ಈ ಸುದ್ದಿ ಹೊರಗೆ ಬರಲಿಲ್ಲ.

1948 ಮತ್ತು 1949ರಲ್ಲಿ ಟೂರ್ನಿ ಗೆದ್ದಿದ್ದು ವೆಸ್ಟ್ ವರ್ಜೀನಿಯಾ ಸ್ಟೇಟ್. ಆ ತಂಡದ ಅರ್ಲ್ ಲಾಯ್ಡ್ 1950ರ ಅಕ್ಟೋಬರ್ 31ರಂದು ಎನ್‌ಬಿಎ ಪಂದ್ಯ ಆಡಿದ ಮೊದಲ ಕಪ್ಪು ಆಟಗಾರ ಆದರು. ಬಾಸ್ಟನ್ ಸೆಲ್ಟಿಕ್ಸ್ ಪರ ಹತ್ತು ಸಲ ಚಾಂಪಿಯನ್ ಆದ ಸ್ಯಾಮ್ ಜೋನ್ಸ್ ಕೂಡ ಮೆಕ್‌ಲೆಂಡನ್ ಕಾಲೇಜಿನವರೇ.

1950ರ ದಶಕದಲ್ಲಿ ಟೂರ್ನಿ ಡರ್ಹಮ್‌ಗೆ ಬಂತು. ಆಮೇಲೆ ಗ್ರೀನ್ಸ್‌ಬರೊ. 1960ರ ಫೆಬ್ರವರಿ 1ರಂದು ನಾಲ್ವರು ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕೌಂಟರ್ ಮುಂದೆ ಕೂತು ಎದ್ದೇಳಲಿಲ್ಲವಲ್ಲ, ಅದು ಇದೇ ಊರು. ಅವರು ಓದುತ್ತಿದ್ದ ನಾರ್ತ್ ಕೆರೊಲಿನಾ ಎ ಅಂಡ್ ಟಿ ಕಾಲೇಜು ಆಗ ಸಿಐಎಎ ಸದಸ್ಯ. ಆಟದ ಚರಿತ್ರೆ ಬೇರೆ, ದೇಶದ ಚರಿತ್ರೆ ಬೇರೆ ಅಂತ ಇಲ್ಲಿ ಬಿಡಿಸಿ ಹೇಳುವುದು ಕಷ್ಟ.

ಆ ಕಾಲದ ದೊಡ್ಡ ಹೆಸರು ವಿನ್‌ಸ್ಟನ್-ಸೇಲಂ ಕಾಲೇಜಿನ ಕ್ಲಾರೆನ್ಸ್ ಗೇನ್ಸ್. ಎಲ್ಲರ ಬಾಯಲ್ಲಿ 'ಬಿಗ್ ಹೌಸ್'. 1946ರಿಂದ 1993ರವರೆಗೆ ಒಂದೇ ಕಾಲೇಜಿನಲ್ಲಿ ಕೋಚ್ ಆಗಿದ್ದು 828 ಪಂದ್ಯ ಗೆದ್ದರು. ಅವರ ಶಿಷ್ಯ ಅರ್ಲ್ ಮನ್ರೊ 1966-67ರಲ್ಲಿ ಪಂದ್ಯಕ್ಕೆ ಸರಾಸರಿ 41.5 ಪಾಯಿಂಟ್ ಹೊಡೆದರು. ಆ ವರ್ಷ ವಿನ್‌ಸ್ಟನ್-ಸೇಲಂ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಸಣ್ಣ ಕಾಲೇಜುಗಳಿಗೆ ನಡೆಸುತ್ತಿದ್ದ 'ಕಾಲೇಜ್ ಡಿವಿಷನ್' ಪಟ್ಟ ಗೆದ್ದಿತು. ಕಪ್ಪು ಜನರ ಕಾಲೇಜೊಂದು ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪಟ್ಟ ಗೆದ್ದಿದ್ದು ಅದೇ ಮೊದಲು.

ಇಲ್ಲಿಂದ ಕಥೆ ತಿರುಗುತ್ತದೆ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕೊನೆಗೂ ಬಾಗಿಲು ತೆಗೆದವು. ಒಳ್ಳೆಯದೇ ಆಯಿತು. ಆದರೆ ಮನ್ರೊ ಥರದ ಹುಡುಗರನ್ನು ಅವು ಸೆಳೆದುಕೊಳ್ಳತೊಡಗಿದವು. 1970ರಲ್ಲಿ ಎಂಇಎಸಿ ಅನ್ನುವ ಹೊಸ ಒಕ್ಕೂಟ ಹುಟ್ಟಿ, ಎ ಅಂಡ್ ಟಿ, ಹೋವರ್ಡ್, ಮಾರ್ಗನ್ ಸ್ಟೇಟ್ ಜೊತೆಗೆ ಮೊದಲ ಟೂರ್ನಿ ಗೆದ್ದ ಕಾಲೇಜೂ ಅಲ್ಲಿಗೆ ಹೋಯಿತು. ಸಿಐಎಎ ಎನ್‌ಸಿಎಎಯ ಎರಡನೇ ಹಂತವಾದ ಡಿವಿಷನ್ 2ರಲ್ಲಿ ಉಳಿಯಿತು.

ಹಾಗಂತ ಆಟ ಸೊರಗಲಿಲ್ಲ. ವರ್ಜೀನಿಯಾ ಯೂನಿಯನ್ 1980, 1992, 2005ರಲ್ಲಿ ಡಿವಿಷನ್ 2 ಚಾಂಪಿಯನ್ ಆಯಿತು. ಮೂರೂ ಸಲ ಕೋಚ್ ಡೇವ್ ರಾಬಿನ್ಸ್ ಅನ್ನುವ ಬಿಳಿಯರು. ಎನ್‌ಬಿಎ ಆಟಗಾರ ಚಾರ್ಲ್ಸ್ ಓಕ್ಲಿ ಆ ಕಾಲೇಜಿನಲ್ಲಿ ಆಡಿ ಬೆಳೆದವರು. ಅವರು ಗುರುತಿಸಿ ಅದೇ ಕಾಲೇಜಿಗೆ ಕಳಿಸಿದ ಹುಡುಗ ಬೆನ್ ವಾಲೇಸ್. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 1996ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ವಾಲೇಸ್‌ರನ್ನು ತೆಗೆದುಕೊಳ್ಳಲಿಲ್ಲ. ಆಮೇಲೆ ನಾಲ್ಕು ಸಲ ಎನ್‌ಬಿಎಯ ವರ್ಷದ ಡಿಫೆನ್ಸ್ ಆಟಗಾರ ಆದರು, 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಟೂರ್ನಿ 2006ರಿಂದ 2020ರವರೆಗೆ ಶಾರ್ಲಟ್‌ನಲ್ಲಿ ನಡೆಯಿತು. ಆ ವಾರ ಶಾರ್ಲಟ್ ಪೇಟೆಯಲ್ಲಿ ಜಾತ್ರೆಯ ಕಳೆ ಇರುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಕಾಲೇಜಿನ ಬಣ್ಣದ ಜಾಕೆಟ್ ಹಾಕಿಕೊಂಡು ಮಕ್ಕಳು, ಮೊಮ್ಮಕ್ಕಳ ಜೊತೆ ಬರುತ್ತಾರೆ. ತಮ್ಮ ತಂಡ ಮೊದಲ ದಿನವೇ ಸೋತರೂ ಊರಿಗೆ ವಾಪಸ್ ಹೊರಡುವುದಿಲ್ಲ. ಒಮ್ಮೆ ಪಕ್ಕದ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಸ್ಕೋರ್‌ಬೋರ್ಡ್ ಕಡೆ ನೋಡುತ್ತಲೇ ಇರಲಿಲ್ಲ. ಹಿಂದಿನ ಸಾಲಿಗೆ ತಿರುಗಿ ಕೂತು ಹಳೆಯ ಗೆಳತಿಯರ ಜೊತೆ ಹರಟುತ್ತಿದ್ದರು. ಅವರ ಕಾಲೇಜಿನ ಬ್ಯಾಂಡ್ ಶುರುವಾದ ಕೂಡಲೇ ಕೋಲು ಬದಿಗಿಟ್ಟು ಎದ್ದು ನಿಂತರು. ಒಳ್ಳೆಯ ಆಟಗಾರರು ಬೇರೆ ಕಡೆ ಹೋದ ಮೇಲೂ ಈ ಟೂರ್ನಿ ಯಾಕೆ ಉಳಿಯಿತು ಅನ್ನುವುದಕ್ಕೆ ನನ್ನ ಉತ್ತರ ಆ ಅಜ್ಜಿಯಂಥವರೇ.

ಕೋವಿಡ್‌ನಿಂದ 2021ರಲ್ಲಿ ಟೂರ್ನಿ ಆಗಲಿಲ್ಲ. 2022ರಿಂದ ಬಾಲ್ಟಿಮೋರ್‌ನಲ್ಲಿ ನಡೆಯುತ್ತಿದೆ, ಫೆಬ್ರವರಿ ಕೊನೆಯ ಹೊತ್ತಿಗೆ. ಮಹಿಳೆಯರ ಟೂರ್ನಿಯೂ ಅದೇ ವಾರ, ಅದೇ ಅಂಗಳದಲ್ಲಿ. ನಿಮ್ಮ ಕಡೆಯವರು ಯಾರಾದರೂ ಮೇರಿಲ್ಯಾಂಡ್ ಹತ್ತಿರ ಇದ್ದರೆ ಫೈನಲ್ ಒಂದಕ್ಕೇ ಕಾಯಬೇಡಿ ಅಂತ ಹೇಳಿ. ಮೊದಲ ದಿನಗಳ ಪಂದ್ಯಕ್ಕೆ ಹೋಗಲಿ, ಎಲ್ಲ ಕಾಲೇಜುಗಳ ಜನ ಆಗಲೇ ಸಿಗುವುದು.